ಕಾಣಿಸದ ಕಸ

ಬೀದಿಯ ಬಣ್ಣ, ಅಗಲ, ಅಂಚು ಎಲ್ಲವೂ ವಾರ್ಡ್ ಕಚೇರಿಯ ಸ್ಟೈಲ್ ಶೀಟ್ ಎಂಬ ಹಾಳೆಯಲ್ಲಿ ಹೇಗೆ ಬರೆದರೆ ಹಾಗೆಯೇ ತಾವಾಗಿ ಬದಲಾಗಿಬಿಡುತ್ತಿದ್ದವು. ಶೀಟು ಬರೆಯುವ ಮುಕುಂದಪ್ಪ ಈ ಸಲ ಕಸ ಎತ್ತಿಸುವ ಬದಲು, "ಕಸ: ಕಾಣಿಸಬಾರದು" ಎಂದು ಒಂದು ಸಾಲು ಸೇರಿಸಿ ಕೈತೊಳೆದುಕೊಂಡಿದ್ದ.

ಹೂ ಮಾರುವ ಸಣ್ಣತಾಯಮ್ಮ ಬರೀ ನೆಲವೆಂದು ಕಾಲಿಟ್ಟಳು. ಕೊಳೆತದ್ದೇನೋ ಬೆರಳ ಸಂದಿಯಲ್ಲಿ ಪಿಚಕ್ಕೆಂದಿತು. ಅದನ್ನೇ ಬೊಗಸೆಯಲ್ಲಿ ಬಾಚಿಕೊಂಡು ನೆಟ್ಟಗೆ ಕಚೇರಿಗೆ ನಡೆದಳು.

ಮುಕುಂದಪ್ಪ ಊಟಕ್ಕೆ ಕೂತಿದ್ದ. ದೂರು ಕೇಳಿ ನಕ್ಕ.

"'ಇರಬಾರದು' ಅಂತ ಬರೆದ್ರೆ ಆ ಜಾಗವೇ ಮುಚ್ಕೊಂಡು, ಪಕ್ಕದ ಮನೆಗಳೆಲ್ಲ ಅಲ್ಲಿಗೆ ಸರಿದುಬಿಡ್ತವೆ ಕಣಮ್ಮ. ಅದಕ್ಕೇ 'ಕಾಣಿಸಬಾರದು' ಅಂದೆ. ಈಗ ಏನಾದ್ರೂ ಕಾಣ್ತದಾ, ನೀನೇ ಹೇಳು."

ಸಣ್ಣತಾಯಮ್ಮ ಖಾಲಿಯಂತೆ ಕಾಣುವ ಬೊಗಸೆಯನ್ನು ಅವನ ಮೊಸರನ್ನದ ಮೇಲೆ ಬಿಚ್ಚಿದಳು.

"ಏನೂ ಕಾಣಾಕಿಲ್ಲ ಸ್ವಾಮಿ. ಉಣ್ಣಿ."