ಲವಂಗದ ಘಮ

ತಂಬಾಕು ಕಾರ್ಖಾನೆಯಲ್ಲಿ ಹೊಸ ಮಿಶ್ರಣಗಳನ್ನು ಸೇದಿ ನೋಡಿ ತೀರ್ಪು ಹೇಳುವ ರುಚಿಗಾರ, ಮೂರನೆಯ ಪೈಪಿನ ಹೊಗೆ ಬಾಯಿಗೆ ಬಂದದ್ದೇ ಪೈಪನ್ನು ಮೇಜಿನ ಮೇಲಿಟ್ಟ. ಬರ್ಲಿ ತಂಬಾಕಿಗೆ ಸಹಜವಾದ, ಹುರಿದ ಕಡಲೆಬೀಜದಂಥ ರುಚಿ ಮೊದಲು ಬಂತು. ಅದರ ಬೆನ್ನಿಗೇ ಲವಂಗದ ಸಣ್ಣ ಘಮ. ಬರ್ಲಿಗೆ ಲವಂಗ ಬೆರೆಸುತ್ತಿದ್ದವನು ಅವನಣ್ಣ ಒಬ್ಬನೇ. ಅಣ್ಣ ಸತ್ತು ಆರು ವರ್ಷವಾಗಿತ್ತು. ಎದುರಿನ ಖಾಲಿ ಕುರ್ಚಿಯಲ್ಲಿ ಯಾರೋ ಕೂತು ತನ್ನನ್ನೇ ನೋಡುತ್ತಿದ್ದಾರೆ ಅನ್ನಿಸಿ ಅವನ ಬೆನ್ನು ತಣ್ಣಗಾಯಿತು.

"ಇದನ್ನ ಮಾಡಿದ್ದು ಯಾರು ಮೇಡಂ?"

"ಹೊರಗೆ ಕೂತಿದ್ದಾಳಲ್ಲ, ಆ ಹುಡುಗಿ," ಎಂದರು ಕಾರ್ಖಾನೆಯ ಮ್ಯಾನೇಜರ್. "ಅವರಪ್ಪ ಬರೆದಿಟ್ಟಿದ್ದ ಪುಸ್ತಕ ನೋಡ್ಕೊಂಡು ಬೆರೆಸಿದಳಂತೆ."

ಗಾಜಿನ ಬಾಗಿಲಾಚೆ ಅಣ್ಣನ ಮಗಳು. ಹನ್ನೆರಡು ವರ್ಷದ ಹಿಂದೆ ಅಣ್ಣ ಇದೇ ಮಿಶ್ರಣವನ್ನು ಇದೇ ಮೇಜಿನ ಮೇಲಿಟ್ಟಿದ್ದ. ಅದು ಗೆದ್ದಿದ್ದರೆ ಮುಖ್ಯ ರುಚಿಗಾರನ ಕೆಲಸ ಅಣ್ಣನದಾಗುತ್ತಿತ್ತು. ಒಂದೇ ಹೊಟ್ಟೆಯಲ್ಲಿ ಹುಟ್ಟಿದ ತಮ್ಮನಾದ ಇವನೇ, ಹೊಟ್ಟೆಕಿಚ್ಚು ತಡೆಯಲಾರದೆ, 'ನಾಲಿಗೆ ಸುಡುತ್ತದೆ' ಎಂದು ವರದಿಯಲ್ಲಿ ಬರೆದುಬಿಟ್ಟಿದ್ದ. "ನಿಜವಾಗ್ಲೂ ಸುಡುತ್ತೇನೋ?" ಎಂದು ಅಣ್ಣ ಒಂದೇ ಸಲ ಕೇಳಿದ್ದ. ಆಮೇಲೆ ಸಾಯುವ ತನಕ ತಂಬಾಕಿನ ಎಲೆ ಮುಟ್ಟಲಿಲ್ಲ.

ಮ್ಯಾನೇಜರ್ ಪೆನ್ನು ತೆರೆದರು. "ಏನಂತ ಬರ್ಕೊಳ್ಳಲಿ? ನಾಲಿಗೆ ಸುಡುತ್ತಾ?"

ಅವನು ಎದ್ದು ಹೋಗಿ ಬಾಗಿಲು ತೆರೆದ.

"ಸುಡಲ್ಲ ಮಗಳೇ," ಎಂದ. "ನಿಮ್ಮಪ್ಪ ಮಾಡಿದಾಗಲೂ ಸುಟ್ಟಿರಲಿಲ್ಲ. ನಾನೇ ಸುಳ್ಳು ಬರೆದೆ."

"ಅಪ್ಪಂಗೆ ಗೊತ್ತಿತ್ತು ಚಿಕ್ಕಪ್ಪ," ಎಂದಳು ಹುಡುಗಿ. "ನೀವೇ ಬಂದು ಹೇಳ್ತೀರ ಅಂತ ಕೊನೇವರೆಗೂ ಕಾಯ್ತಿದ್ರು."