ಮನೋರಿಯ ಸುತ್ತು

ಇಂದಿಗೂ ಲೋಕಲ್ ರೈಲು ಖಾಡಿಯ ಹಿನ್ನೀರಿನ ಸೇತುವೆ ದಾಟುವಾಗ ಕೆಸರಿನ ಉಪ್ಪುವಾಸನೆ ಮೂಗಿಗೆ ಬಡಿದರೆ ನನಗೆ ಆ ಮಧ್ಯಾಹ್ನ ನೆನಪಾಗುತ್ತದೆ.

ಎಪ್ಪತ್ತರ ದಶಕದ ಆರಂಭ, ನನಗೆ ಎಂಟು ವರ್ಷ. ಕಾಂದಿವಲಿಯ ಚಾಳದಲ್ಲಿ ನಮ್ಮೊಂದಿಗಿದ್ದ ಕಾಕಾ ಮನೋರಿಯ ಉಪ್ಪಿನ ಗದ್ದೆಗಳಿಗೆ ಕೂಲಿಗೆ ಹೋದವರು ಮೂರು ದಿನವಾದರೂ ಬಂದಿರಲಿಲ್ಲ. ಹುಡುಕಲು ಹೊರಟ ಅಪ್ಪ ನನ್ನ ಹಟಕ್ಕೆ ನನ್ನನ್ನೂ ಕರೆದೊಯ್ದರು.

ದೋಣಿ ಇಳಿದು ಸಮುದ್ರದ ದಂಡೆಗುಂಟ ನಡೆದೆವು. ಮೀನು ಒಣಗಿಸುತ್ತಿದ್ದ ಹೆಂಗಸರು ಅಪ್ಪನ ಪ್ರಶ್ನೆಗೆ ಸುಮ್ಮನೆ ತಲೆಯಲ್ಲಾಡಿಸಿದರು. ದಂಡೆ ಮುಗಿದಲ್ಲಿ ಹೊರಳಿ, ಜೌಗಿನ ನಡುವಿನ ಬದುವಿನ ಮೇಲೆ ಮತ್ತೆ ದೋಣಿಯ ಕಡೆಗೇ ಬಂದೆವು. ಕೆಸರು ಹಿಮ್ಮಡಿಯನ್ನು ಹಿಡಿದೆಳೆಯುತ್ತಿತ್ತು. ನೀರು ನೋಡನೋಡುತ್ತ ಬದುವಿನ ಅಂಚಿಗೇ ಬಂದಿತ್ತು.

ಬದುವಿನಾಚೆ ಉಪ್ಪಿನ ಗದ್ದೆ ಕಾಯುವ ಮುದುಕ ಅಪ್ಪನನ್ನು ಕಂಡೊಡನೆ ಗುಡಿಸಲಿನಿಂದ ಕಾಕಾನ ನೀಲಿ ಅಂಗಿ ತಂದುಕೊಟ್ಟ. "ಭರತಿ ಆಲಿ ಹೋತಿ, ಭಾವು," ಎಂದ. ಅಂದು ಉಬ್ಬರದಲ್ಲಿ ಏರಿ ಬಂದ ನೀರಿಗೆ ತೂಬು ಮುಚ್ಚಲು ಹೋದ ಕಾಕಾ ಮರಳಿರಲಿಲ್ಲ. ಅಂಗಿ ಉಪ್ಪು ಹಿಡಿದು ರಟ್ಟಿನಂತೆ ಸೆಟೆದಿತ್ತು.

ಅಪ್ಪ ಅದನ್ನು ಮಡಚಿ ತಮ್ಮ ಅಂಗಿಯೊಳಗೆ ಇಟ್ಟುಕೊಂಡರು. "ಮನ್ಯಾಗ ಏನೂ ಹೇಳಬ್ಯಾಡವ್ವಾ. ಕಾಕಿಗೆ ದಿನಾ ತುಂಬ್ಯಾವ."

ಸಂಜೆ ಕಾಕಿ ಅಪ್ಪನನ್ನು ಏನೂ ಕೇಳಲಿಲ್ಲ. ತುಂಬು ಬಸುರಿ, ಕಷ್ಟಪಟ್ಟು ಕೂತು ನನ್ನ ಕಾಲಿನ ಕೆಸರು ತೊಳೆಯುತ್ತ, "ಕಾಕಾ ಸಿಕ್ಕಿದ್ರೇನು?" ಎಂದಳು.

"ಇಲ್ಲ ಕಾಕಿ. ಕೆಲಸಕ್ಕ ದೂರ ಹೋಗ್ಯಾರಂತ."

ಅವಳು ನನ್ನ ಮುಖವನ್ನೇ ನೋಡಿದಳು. ಆಮೇಲೆ ಎದ್ದು ಹೋಗಿ, ಕನ್ನಡಿಯ ಮುಂದೆ ನಿಂತು ಹಣೆಗೆ ಎಂದಿಗಿಂತ ದೊಡ್ಡದಾಗಿ ಕುಂಕುಮ ಇಟ್ಟುಕೊಂಡಳು. ಅಪ್ಪ ಒಳಗೆ ಬರಲಾರದೆ ಬಾಗಿಲ ಹೊರಗೇ ನಿಂತಿದ್ದರು.