ಜರ್ಮನಿಯ ಪೆನ್ನು

“ಇದು ಜರ್ಮನಿದು. ಲಾಳಿ ಮಾಡಾವ್ರು ಇಂಥಾ ಪೆನ್ನು ಮಾಡ್ತಾರೇನವಾ?” ಪ್ರೊಫೆಸರ್ ಹಂಚಿನಾಳರು ಭೂತಗನ್ನಡಿ ಕೆಳಗಿಟ್ಟು ಸುತ್ತಲಿದ್ದವರತ್ತ ನೋಡಿ ನಕ್ಕರು. ಮಗ್ಗದ ಲಾಳಿ ಕೆತ್ತುತ್ತಿದ್ದ ಅಪ್ಪ ಮಾಡಿದ ಪೆನ್ನಿಗೆ ಅಪ್ಪನ ಹೆಸರಿನ ಚೀಟಿ ಇಡಿಸಬೇಕೆಂದು ಶೈಲಶ್ರೀ ಗುಳೇದಗುಡ್ಡದಿಂದ ವಿದ್ಯಾಗಿರಿಯಲ್ಲಿ ನಡೆದಿದ್ದ ಈ ಹಳೆ ಪೆನ್ನುಗಳ ಪ್ರದರ್ಶನಕ್ಕೆ ಬಂದಿದ್ದಳು. ಅವಳು ಮತ್ತೆ ಬಾಯಿ ತೆರೆಯುವಷ್ಟರಲ್ಲಿ ಚೀಟಿಯ ಮೇಲೆ ‘ಜರ್ಮನಿ’ ಬಿದ್ದಾಗಿತ್ತು.

ಜನರಿಗೆ ನಿಬ್ಬು ತೋರಿಸಲು ಅವರು ಕ್ಯಾಪು ತಿರುವಿದರು. ಬರಲಿಲ್ಲ. ಕರವಸ್ತ್ರ ಸುತ್ತಿ, ಹಲ್ಲು ಕಚ್ಚಿ ತಿರುವಿದರು. ಇನ್ನಷ್ಟು ಬಿಗಿಯಾಯಿತು. “ಶಾಯಿ ಒಣಗಿ ಹಿಡಕೊಂಡೈತಿ. ನಿಮ್ಮ ಮಂದಿಗೆ ಜ್ವಾಕಿಲೆ ಇಟ್ಕೊಳ್ಳಾಕೂ ಬರೂದಿಲ್ಲ.”

ಶೈಲಶ್ರೀ ಪೆನ್ನು ಇಸಿದುಕೊಂಡು, ಎಲ್ಲರೂ ಮುಚ್ಚುವ ದಿಕ್ಕಿಗೆ ಎರಡೇ ಬೆರಳಿನಿಂದ ತಿರುವಿದಳು. ಕ್ಯಾಪು ಕಳಚಿತು. ನಿಬ್ಬಿನ ತುದಿಯಲ್ಲಿ ಹಸಿ ಶಾಯಿ ಮಿನುಗಿತು.

“ನಮ್ಮ ಕಾಕಾ ಹುನಗುಂದ ಕೋರ್ಟಿನ್ಯಾಗ ಬಾಂಡ್ ಬರೀತಿದ್ದರಿ. ಪೆನ್ನು ಇಸಗೊಂಡಾವ್ರು ತಿರುಗಿ ಕೊಡ್ತಿದ್ದಿಲ್ಲ. ಅದಕ್ಕ ಅಪ್ಪ ಇದಕ್ಕ ಉಲ್ಟಾ ತಿರುಪು ಹಾಕಿದ್ದ, ಮಂದಿ ಕೈಗೆ ಬಿಚ್ಚಬಾರದಂತ.”

ಯಾರೋ ಕಿಸಕ್ಕನೆ ನಕ್ಕರು. ಅವಳು ‘ಜರ್ಮನಿ’ಯ ಮೇಲೆ ಅದೇ ಪೆನ್ನಿನಿಂದ ಒಂದು ಗೆರೆ ಎಳೆದು, ಪೆನ್ನನ್ನು ಪ್ರೊಫೆಸರರ ಮುಂದೆ ಹಿಡಿದಳು.

“ಹೆಸರು ಹೇಳ್ತೇನಿ, ಬರಕೊಳ್ರಿ.”